ಇಳಿದ ಅಂಕಕ್ಕೆ ಒಂದು ಪ್ಯಾರಾ

(ಸಕಲೇಶಪುರದಲ್ಲಿ ದ್ವಿತೀಯ ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ನವೆಂಬರ್‌ನ ಒಂದು ಶನಿವಾರ ಅವರ ಉಪನ್ಯಾಸಕಿಯಾಗಿ ನಾನು ಆಡಿದ ಮಾತುಗಳ ಬರಹ ರೂಪ. ವಿಷಯ: ಅಂಕ ಇಳಿದಿದ್ದರೆ ಅದರ ಕಾರಣವನ್ನು ಕಾಲೇಜು ಪ್ರವೇಶ, ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಬರೆಯುವುದು ಹೇಗೆ. ಮಾತಿನಲ್ಲಿ ಬರುವ ಮಕ್ಕಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಲು ಶುರುವಾಗಿದೆ. ಅರ್ಧ ದಿನದ ಕೂಲಿ ಬಿಟ್ಟು ಬಂದು ಕೂತಿರುವ ತಾಯಂದಿರು ಇಲ್ಲಿ ಇದ್ದೀರಿ ಅಂತ ನನಗೆ ಗೊತ್ತು. ಹಾಗಾಗಿ ಪೀಠಿಕೆ ಹಾಕದೆ ನೇರ ವಿಷಯಕ್ಕೆ ಬರುತ್ತೇನೆ.

ನನ್ನ ಕೈಯಲ್ಲಿ ಈಗಾಗಲೇ ಪಿಯು ಮುಗಿಸಿ ಹೋದ ಒಬ್ಬ ಹುಡುಗಿಯ ಮೂರು ಅಂಕಪಟ್ಟಿಗಳ ಜೆರಾಕ್ಸ್ ಇದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571. ಪ್ರಥಮ ಪಿಯುನಲ್ಲಿ 600ಕ್ಕೆ 344. ದ್ವಿತೀಯ ಪಿಯು ಮಧ್ಯವಾರ್ಷಿಕದಲ್ಲಿ ಶೇ. 76. ಈ ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಏನಂತಾರೆ ಹೇಳಿ. "ಕಾಲೇಜಿಗೆ ಬಂದಮೇಲೆ ಮೊಬೈಲ್ ಹಿಡ್ಕೊಂಡಿದಾಳೆ" ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅವಳನ್ನು ಕರೆದು ಒಂದು ಮಾತು ಬೈದಿದ್ದೆ ಕೂಡ. ಅವಳು ತಲೆ ತಗ್ಗಿಸಿಕೊಂಡು "ಸಾರಿ ಮಿಸ್" ಅಂದು ಹೋದಳು.

ಆಮೇಲೆ ಒಂದು ದಿನ ಬೇರೆ ಯಾವುದೋ ಕೆಲಸಕ್ಕೆ ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದೆ. ಅವಳ ಹೆಸರಿನ ಮುಂದೆ ಜನವರಿ 18ರಿಂದ ಸಾಲಾಗಿ ಕೆಂಪು ಇಂಕಿನ 'ಎ'ಗಳು. ಎಣಿಸಿದೆ, 17 ಇದ್ದವು. ಅದಕ್ಕೆ ಮುಂಚೆ ಜೂನ್‌ನಿಂದ ಜನವರಿವರೆಗೆ ಅವಳು ತಪ್ಪಿಸಿಕೊಂಡಿದ್ದು ಎರಡೇ ದಿನ. ಆ 17 ಗುರುತುಗಳನ್ನೂ ಹಾಕಿದ ಕೈ ನನ್ನದೇ. ಹಾಕುವಾಗ ಒಂದು ದಿನವಾದರೂ ಯಾಕೆ ಬರಲಿಲ್ಲ ಅಂತ ನಾನು ಕೇಳಲಿಲ್ಲ.

ಕೇಳಿದ ಮೇಲೆ ತಿಳಿದಿದ್ದು ಇಷ್ಟು. ಸಂಕ್ರಾಂತಿ ಕಳೆದ ವಾರ ಅವಳ ಅಪ್ಪ ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿದ್ದರು. ಏಣಿ ಜಾರಿತು. ಸೊಂಟದ ಮೂಳೆ ಮುರಿಯಿತು. ಹಾಸನದ ಆಸ್ಪತ್ರೆಯಲ್ಲಿ 19 ದಿನ, ಆಮೇಲೆ ನಾಲ್ಕು ತಿಂಗಳು ತೋಟದ ಕೆಲಸಗಾರರ ಲೈನ್ ಮನೆಯ ಹಾಸಿಗೆ. ಅಮ್ಮ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಮನೆಯಲ್ಲಿ ತಮ್ಮ ಮತ್ತು ಇವಳು. ಅಮ್ಮ ವಾಪಸು ಬಂದು ಕೆಲಸಕ್ಕೆ ಹೋಗತೊಡಗಿದ ಮೇಲೆ ಅಪ್ಪನನ್ನು ಹೊರಳಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲ ಇವಳದು. ಫೆಬ್ರವರಿಯಲ್ಲಿ ವಾರ್ಷಿಕ ಪರೀಕ್ಷೆ ಬಂತು. ಬಂದು ಬರೆದಳು, ಪಾಸಾದಳು. 344 ಅಂದರೆ ಅದು.

"ಯಾಕಮ್ಮ ನನಗೆ ಹೇಳಲಿಲ್ಲ?" ಅಂದೆ. "ಅಮ್ಮ ಮನೆ ವಿಷ್ಯ ಕಾಲೇಜಲ್ಲಿ ಹೇಳ್ಬೇಡ ಅಂದಿದ್ರು ಮಿಸ್" ಅಂದಳು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಮಾತಿನ ಬಗ್ಗೆಯೇ. ನಮ್ಮಲ್ಲಿ ಒಂದು ಗಾದೆ ಇದೆ, ಎಲ್ಲರಿಗೂ ಬಾಯಿಪಾಠ: ಸಂಸಾರ ಗುಟ್ಟು, ವ್ಯಾಧಿ ರಟ್ಟು. ಮಕ್ಕಳಿಗೆ ಹೇಳಿಕೊಡುವಾಗ ನಾವು ಮೊದಲರ್ಧ ಮಾತ್ರ ಹೇಳಿಕೊಡುತ್ತೇವೆ. ಹಿರಿಯರು ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ. ಗಂಡ ಹೆಂಡತಿ ಜಗಳ, ದಾಯಾದಿಗಳ ವ್ಯಾಜ್ಯ, ಸಾಲದ ಲೆಕ್ಕ ಮನೆಯೊಳಗೆ ಇರಲಿ. ಕಾಯಿಲೆಯನ್ನು ಮಾತ್ರ ಊರಿಗೆಲ್ಲ ಹೇಳು, ಯಾರಿಗೋ ಮದ್ದು ಗೊತ್ತಿರುತ್ತದೆ. ಅಂಕ ಇಳಿದದ್ದಕ್ಕೆ ಕಾರಣ ಬರೆಯುವಾಗ ನಾವು ಮಾಡಬೇಕಾದ ಕೆಲಸವೂ ಇದೇ, ಯಾವುದು ಗುಟ್ಟು, ಯಾವುದು ವ್ಯಾಧಿ ಅಂತ ಬೇರ್ಪಡಿಸುವುದು. ಅಪ್ಪ ಏಣಿಯಿಂದ ಬಿದ್ದದ್ದು ಗುಟ್ಟಲ್ಲ. ಅದನ್ನು ಮುಚ್ಚಿಟ್ಟರೆ ಮೂರು ಹಾಳೆ ನೋಡಿದವರು ಅವರದೇ ಕಥೆ ಕಟ್ಟಿಕೊಳ್ಳುತ್ತಾರೆ. ನಾನು ಕಟ್ಟಿಕೊಂಡ ಹಾಗೆ.

2021 ನೆನಪಿದೆಯಾ? ಕೊರೊನಾದಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯು ಅಂಕಗಳನ್ನು ಹಿಡಿದು ಫಲಿತಾಂಶ ಕೊಟ್ಟರು. ಎಂಜಿನಿಯರಿಂಗ್ ರ‍್ಯಾಂಕನ್ನು ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಅಂಕ ಒಂದರ ಮೇಲೇ ಕೊಟ್ಟರು. ಇಡೀ ರಾಜ್ಯಕ್ಕೆ ಕಷ್ಟ ಬಂದಾಗ ನಿಯಮವೇ ಬದಲಾಯಿತು, ಯಾರೂ ಕಾರಣ ಬರೆದು ಕೊಡಬೇಕಾಗಲಿಲ್ಲ. ಒಂದು ಲೈನ್ ಮನೆಗೆ ಕಷ್ಟ ಬಂದರೆ ಯಾವ ನಿಯಮವೂ ಬದಲಾಗುವುದಿಲ್ಲ. ಆ ಮನೆಯವರೇ ಹೇಳಿಕೊಳ್ಳಬೇಕು.

ಎಲ್ಲಿ ಹೇಳಿದರೆ ಕೇಳುತ್ತಾರೆ, ಎಲ್ಲಿ ಕೇಳುವುದಿಲ್ಲ ಅನ್ನುವುದು ಮೊದಲು ಗೊತ್ತಿರಬೇಕು. ಇಲ್ಲದಿದ್ದರೆ ಇಡೀ ರಾತ್ರಿ ಕೂತು ಬರೆದದ್ದು ವ್ಯರ್ಥವಾಗುತ್ತದೆ.

ಸಿಇಟಿಯಲ್ಲಿ ಕೇಳುವುದಿಲ್ಲ. ದ್ವಿತೀಯ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಬರುತ್ತದೆ. ಕಾರಣ ಬರೆಯಲು ಅಲ್ಲಿ ಕಾಲಂ ಇಲ್ಲ. ಆದರೆ ಒಂದು ಸಮಾಧಾನ ಇದೆ, ಪ್ರಥಮ ಪಿಯು ಅಂಕವನ್ನು ಅಲ್ಲಿ ನೋಡುವುದೇ ಇಲ್ಲ. ಈ ಹುಡುಗಿಯ 344 ಸಿಇಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಜೆಇಇ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಕೇಂದ್ರದ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಗೆ ಹೋಗಬೇಕು ಅನ್ನುವವರಿಗೆ ಹನ್ನೆರಡನೇ ತರಗತಿಯಲ್ಲಿ ಶೇ. 75 ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 65, ಇಲ್ಲವಾದರೆ ತಮ್ಮ ಬೋರ್ಡಿನಲ್ಲಿ ಹೆಚ್ಚು ಅಂಕ ಪಡೆದ ಶೇ. 20 ಮಂದಿಯಲ್ಲಿ, ಅಂದರೆ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಅಲ್ಲೂ ಅಷ್ಟೇ, ಮನೆಯ ಕಥೆಗೆ ಜಾಗ ಇಲ್ಲ. ಇಂಥ ಕಡೆ ನಿಮ್ಮ ಕೈಯಲ್ಲಿ ಇರುವ ದಾರಿ ಬೇರೆ. 2024ರಿಂದ ನಮ್ಮ ಮಂಡಳಿ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಿದೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಮಾರ್ಚ್ ಹೊತ್ತಿಗೆ ಮನೆಯಲ್ಲಿ ಸಾವು ನೋವು ಆದರೆ ಪರೀಕ್ಷೆ-2 ಇದೆ. ಅದು ಫೇಲಾದವರಿಗೆ ಮಾತ್ರ ಅಂತ ಅಂದುಕೊಂಡು ಸುಮ್ಮನೆ ಕೂತ ಮಕ್ಕಳನ್ನು ನೋಡಿದ್ದೇನೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ದಯವಿಟ್ಟು ಬರೆಯಿರಿ.

ಕೇಳುವ ಕಡೆಗಳು ಯಾವುವು? ಸಂದರ್ಶನ ಇರುವ ಕಡೆ ಕೇಳುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನವೂ ಇದೆ. ಪ್ರಬಂಧ ಬರೆಸಿಕೊಳ್ಳುವ ಖಾಸಗಿ ವಿಶ್ವವಿದ್ಯಾಲಯಗಳಿವೆ. ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳು ಮನೆ ಪರಿಸ್ಥಿತಿ ಕೇಳಿಯೇ ಕೇಳುತ್ತವೆ.

ಹೊರದೇಶಕ್ಕೆ ಅರ್ಜಿ ಹಾಕುವವರು ನಮ್ಮಲ್ಲಿ ಕಡಿಮೆ. ಆದರೂ ಈ ಸಲ ಇಬ್ಬರು ಇದ್ದಾರೆ, ಅದಕ್ಕೆ ಹೇಳುತ್ತೇನೆ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ಇದೆ. ಅದರಲ್ಲಿ 650 ಪದಗಳ ಮುಖ್ಯ ಪ್ರಬಂಧ ಬೇರೆ, ನಿಮ್ಮ ಕಷ್ಟ ಮತ್ತು ಸನ್ನಿವೇಶಗಳನ್ನು ಹೇಳಿಕೊಳ್ಳಲು 250 ಪದಗಳ ಜಾಗ ಬೇರೆ. ಮಕ್ಕಳು ಇದನ್ನು ನೋಡದೆ ಮುಖ್ಯ ಪ್ರಬಂಧವನ್ನೆಲ್ಲ ಅಪಘಾತಕ್ಕೇ ಮೀಸಲಿಡುತ್ತಾರೆ. ಅಪಘಾತ 250 ಪದಗಳ ಜಾಗದಲ್ಲಿ ಇರಲಿ. ಪ್ರಬಂಧದಲ್ಲಿ ನೀವು ಇರಿ, ನಿಮಗೆ ಏನು ಇಷ್ಟ, ಏನು ಯೋಚಿಸುತ್ತೀರಿ, ಅದು ಇರಲಿ. ಅವರು ಒಂಬತ್ತನೇ ತರಗತಿಯಿಂದ ಅಂಕ ಕೇಳುತ್ತಾರೆ. ನಮ್ಮಲ್ಲಿ ಒಂಬತ್ತು, ಹತ್ತು ಒಂದು ಹೈಸ್ಕೂಲಿನಲ್ಲಿ, ಪಿಯು ಇನ್ನೊಂದು ಕಡೆ. ಹಳೇ ಶಾಲೆಗೆ ಹೋಗಿ ಒಂಬತ್ತನೇ ತರಗತಿಯ ಅಂಕ ಬರೆಸಿಕೊಂಡು ಸೀಲ್ ಹಾಕಿಸಿಕೊಳ್ಳಲು ವಾರಗಟ್ಟಲೆ ಬೇಕಾಗುತ್ತದೆ, ಈಗಲೇ ಹೋಗಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ಯುಕಾಸ್ ಅರ್ಜಿಯಲ್ಲಿ ಪದ್ಧತಿ ಇನ್ನೂ ಸ್ಪಷ್ಟವಾಗಿದೆ. ಓದಿಗೆ ಅಡ್ಡ ಬಂದ ಸಂಗತಿಗಳನ್ನು ಹೇಳಲು ಮೇಷ್ಟ್ರು ಬರೆಯುವ ಶಿಫಾರಸು ಪತ್ರ, ಅಂದರೆ ರೆಫರೆನ್ಸ್‌ನಲ್ಲೇ ಒಂದು ಭಾಗ ಇಟ್ಟಿದ್ದಾರೆ. ಅಂದರೆ ಅದನ್ನು ಹೇಳಬೇಕಾದವರು ನಾವು, ಮೇಷ್ಟ್ರುಗಳು.

ಇನ್ನು ಬರೆಯುವುದು ಹೇಗೆ. ಆ ಹುಡುಗಿ ಮೊದಲು ಬರೆದು ತಂದ ಹಾಳೆ ನನ್ನ ಹತ್ತಿರ ಇದೆ, ಅವಳ ಒಪ್ಪಿಗೆ ಪಡೆದೇ ಓದುತ್ತಿದ್ದೇನೆ. ಅರ್ಜಿ ಇಂಗ್ಲಿಷಿನಲ್ಲಿ ಹೋಯಿತು, ಆದರೆ ಮೊದಲು ಕನ್ನಡದಲ್ಲಿ ಬರೆಯಲು ನಾನೇ ಹೇಳಿದ್ದೆ.

"ನನ್ನ ಜೀವನದಲ್ಲಿ ದೊಡ್ಡ ಬಿರುಗಾಳಿ ಬೀಸಿತು. ವಿಧಿ ನಮ್ಮ ಕುಟುಂಬದ ಮೇಲೆ ಕ್ರೂರವಾಯಿತು. ಕಣ್ಣೀರಿನಲ್ಲಿ ಕೈತೊಳೆಯುವಂತಾಯಿತು. ಆದರೂ ನಾನು ಛಲ ಬಿಡಲಿಲ್ಲ. ನನ್ನ ಕಡಿಮೆ ಅಂಕಗಳಿಗಾಗಿ ಕ್ಷಮಿಸಿ, ದಯವಿಟ್ಟು ಒಂದು ಅವಕಾಶ ಕೊಡಿ."

ಓದಿ ನನ್ನ ಕಣ್ಣು ತುಂಬಿತು, ಯಾಕೆಂದರೆ ನನಗೆ ಅವಳ ಮನೆ ಗೊತ್ತು. ಗೊತ್ತಿಲ್ಲದವರಿಗೆ ಇದರಲ್ಲಿ ಏನು ಸಿಗುತ್ತದೆ? ಬಿರುಗಾಳಿ ಅಂದರೆ ಏನು, ಯಾವ ತಿಂಗಳು, ಯಾರಿಗೆ ಏನಾಯಿತು, ಒಂದೂ ಇಲ್ಲ. ಏಣಿ ಇಲ್ಲ, ಆಸ್ಪತ್ರೆ ಇಲ್ಲ, ಅಪ್ಪನೇ ಇಲ್ಲ. ಇನ್ನು ಆ ಕ್ಷಮೆ. ಅಪ್ಪನಿಗೆ ಗಂಜಿ ಕುಡಿಸಿದ ಮಗು ಯಾರ ಹತ್ತಿರ ಯಾಕೆ ಕ್ಷಮೆ ಕೇಳಬೇಕು? ಆ ಸಾಲಿಗೆ ನಾನು ಅಡ್ಡಗೀಟು ಎಳೆದೆ, ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಎಳೆದೆ.

ಎರಡು ವಾರ ಕೂತು, ಐದು ಸಲ ತಿದ್ದಿದ ಮೇಲೆ ಹೀಗಾಯಿತು:

"ನನ್ನ ತಂದೆ ಕಾಫಿ ತೋಟದ ಕೆಲಸಗಾರರು. ಪ್ರಥಮ ಪಿಯು ವರ್ಷದ ಜನವರಿ 17ರಂದು ಮೆಣಸು ಕೊಯ್ಯುವಾಗ ಸುಮಾರು ಮೂವತ್ತು ಅಡಿ ಎತ್ತರದ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. 19 ದಿನ ಆಸ್ಪತ್ರೆಯಲ್ಲಿ, ನಂತರ ನಾಲ್ಕು ತಿಂಗಳು ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ತಾಯಿ ದುಡಿಯಲು ಹೋಗಬೇಕಿದ್ದರಿಂದ ತಂದೆಯ ಆರೈಕೆ, ಅಡುಗೆ, ತಮ್ಮನನ್ನು ಶಾಲೆಗೆ ಕಳಿಸುವುದು ನನ್ನ ಕೆಲಸವಾಯಿತು. ಪರೀಕ್ಷೆಗೆ ಮುಂಚಿನ 17 ದಿನ ನಾನು ತರಗತಿಗೆ ಹೋಗಲಿಲ್ಲ. ಫೆಬ್ರವರಿಯ ವಾರ್ಷಿಕ ಪರೀಕ್ಷೆಯಲ್ಲಿ ಶೇ. 57 ಬಂತು, ಅದಕ್ಕೆ ಮುಂಚೆ ಎಸ್ಸೆಸ್ಸೆಲ್ಸಿಯಲ್ಲಿ ಶೇ. 91 ಬಂದಿತ್ತು. ಗಣಿತದಲ್ಲಿ ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್ ಅಧ್ಯಾಯ ನನಗೆ ತಪ್ಪಿಹೋಗಿತ್ತು. ದ್ವಿತೀಯ ಪಿಯುವಿನ ಕ್ಯಾಲ್ಕುಲಸ್‌ಗೆ ಅದೇ ಬುನಾದಿಯಾದ್ದರಿಂದ ಬೇಸಿಗೆ ರಜೆಯಲ್ಲಿ ಅದನ್ನು ಓದಿಕೊಂಡೆ. ಜೂನ್‌ನಿಂದ ತಂದೆ ಊರುಗೋಲು ಹಿಡಿದು ನಡೆಯುತ್ತಿದ್ದಾರೆ. ಈ ವರ್ಷದ ಮಧ್ಯವಾರ್ಷಿಕದಲ್ಲಿ ನನಗೆ ಶೇ. 76 ಬಂದಿದೆ."

ಇಷ್ಟೇ. ಏನಾಯಿತು, ಯಾವಾಗ ಆಯಿತು, ಅದರಿಂದ ನನ್ನ ದಿನ ಹೇಗೆ ಬದಲಾಯಿತು, ಅಂಕಕ್ಕೆ ಎಷ್ಟು ಪೆಟ್ಟು ಬಿತ್ತು, ಈಗ ಹೇಗಿದೆ. ಎಲ್ಲೂ ಅಳು ಇಲ್ಲ, ಓದಿದವರಿಗೆ ಮನಸ್ಸು ಕಲಕುತ್ತದೆ. ಗಣಿತದ ಆ ಸಾಲನ್ನು ಸೇರಿಸಿದ್ದು ಅವಳೇ, ನನಗೆ ಹೊಳೆದಿರಲಿಲ್ಲ. ನನ್ನ ಮಟ್ಟಿಗೆ ಈ ಪ್ಯಾರಾದ ಜೀವ ಇರುವುದು ಅಲ್ಲೇ. "ಛಲ ಬಿಡಲಿಲ್ಲ" ಅಂತ ಯಾರು ಬೇಕಾದರೂ ಬರೆಯಬಹುದು. ಯಾವ ಅಧ್ಯಾಯ ಬಿಟ್ಟುಹೋಯಿತು, ಅದು ಯಾಕೆ ಮುಖ್ಯ ಅಂತ ಬರೆಯಲು ಓದುವ ಮಗುವೇ ಆಗಿರಬೇಕು.

ಏಣಿಯ ಎತ್ತರ ಬರೆಸಿದ್ದು ನಾನು. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ, ಅದಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ ನಮಗೆ ದಿನಾ ಕಣ್ಣಿಗೆ ಬೀಳುವಂಥದ್ದು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ಓದುವವರು ಏಣಿ ಅಂದರೆ ಅಟ್ಟ ಹತ್ತುವ ಏಣಿ ಅಂದುಕೊಳ್ಳುತ್ತಾರೆ. ಹಾಗೇ "ಆನೆ ಬಂದಿತ್ತು, ಅದಕ್ಕೆ ಕಾಲೇಜಿಗೆ ಹೋಗಲಿಲ್ಲ" ಅಂತ ಬರೆದರೆ ಅವರಿಗೆ ನಂಬಿಕೆಯೇ ಬರಲಿಕ್ಕಿಲ್ಲ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ, ಬೆಳಕು ಹರಿಯುವ ಮುಂಚೆ ಬಸ್ ಸ್ಟಾಪಿನವರೆಗೆ ನಡೆಯುವುದು ಅಪಾಯ ಅಂತ ಒಂದು ಸಾಲು ಸೇರಿಸಿ.

ಬರೆದದ್ದಕ್ಕೆ ಕಾಗದದ ಆಧಾರ ಇಟ್ಟುಕೊಳ್ಳಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಎಸೆಯಬೇಡಿ. ತೀರಿಕೊಂಡಿದ್ದರೆ ಮರಣ ಪ್ರಮಾಣ ಪತ್ರ. ದುಡಿಯುವವರು ಮನೆಯಲ್ಲಿ ಕೂತಮೇಲೆ ಆದಾಯ ಮೊದಲಿನಷ್ಟು ಇರುವುದಿಲ್ಲವಲ್ಲ, ಹಳೇ ಆದಾಯ ಪ್ರಮಾಣ ಪತ್ರವನ್ನೇ ಲಗತ್ತಿಸುವ ಬದಲು ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಕಾಲೇಜಿನಿಂದ ಹಾಜರಿಯ ಪ್ರತಿ ಕೇಳಿ ಪಡೆಯಿರಿ. ಎಲ್ಲರೂ ಕೇಳುತ್ತಾರೆ ಅಂತಲ್ಲ, ಕೇಳಿದ ದಿನ ಹುಡುಕಾಡುವ ಹಾಗಿರಬಾರದು.

ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಸಹೋದ್ಯೋಗಿಗಳಿಗೆ ಒಂದು ಮಾತು ಹೇಳಬೇಕು. ಹೇಳುವುದು ನನಗೆ ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಟ್ರಸ್ಟ್ ಒಂದರ ವಿದ್ಯಾರ್ಥಿವೇತನಕ್ಕೆ ನನ್ನಿಂದ ಪತ್ರ ಕೇಳಿದ. ಬರೆದು ಕೊಟ್ಟೆ: "ವಿಧೇಯ ವಿದ್ಯಾರ್ಥಿ, ಶ್ರಮಜೀವಿ, ನಡತೆ ಉತ್ತಮ." ಅದೇ ಮೂರು ಮಾತು ಆ ವರ್ಷ ಹನ್ನೊಂದು ಜನಕ್ಕೆ ಬರೆದಿದ್ದೆ. ಅವನಿಗೆ ಸಿಗಲಿಲ್ಲ. ವರ್ಷ ಕಳೆದ ಮೇಲೆ ಸಂತೆಯಲ್ಲಿ ಅವನ ತಾಯಿ ಸಿಕ್ಕರು. ದ್ವಿತೀಯ ಪಿಯು ದೀಪಾವಳಿ ಹೊತ್ತಿಗೆ ಅವನ ಅಪ್ಪ ಕಿಡ್ನಿ ಕಾಯಿಲೆಯಿಂದ ತೀರಿಕೊಂಡಿದ್ದರಂತೆ. ಅಂದಿನಿಂದ ಅವನು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲಿನ ಗಾಡಿಗೆ ಕ್ಯಾನ್ ಎತ್ತಿ, ಒಂಬತ್ತೂವರೆಗೆ ನನ್ನ ತರಗತಿಯಲ್ಲಿ ಬಂದು ಕೂರುತ್ತಿದ್ದ. ನಿದ್ದೆ ಮಾಡುತ್ತಾನೆ ಅಂತ ಎರಡು ಸಲ ಎಬ್ಬಿಸಿ ನಿಲ್ಲಿಸಿದ್ದೆ.

"ಯಾರ್ಗೂ ಹೇಳ್ಬೇಡ ಅಂದಿದ್ದ ಮೇಡಂ. ನೀವಾಗೇ ಕೇಳಿದ್ರೆ ಹೇಳ್ತಿದ್ನೋ ಏನೋ" ಅಂದರು ಆ ತಾಯಿ. ಅವರ ಮಾತಿನಲ್ಲಿ ದೂರು ಇರಲಿಲ್ಲ. ಕೈಯಲ್ಲಿದ್ದ ಚೀಲದಿಂದ ಎರಡು ಸೌತೆಕಾಯಿ ತೆಗೆದು ನನ್ನ ಚೀಲಕ್ಕೆ ಹಾಕಿದರು.

ಟ್ರಸ್ಟಿನವರನ್ನು ನಾನು ದೂರುವುದಿಲ್ಲ. ಅವರ ಮುಂದೆ ನಾನು ಇಟ್ಟ ಹಾಳೆಯಲ್ಲಿ ಆ ಹುಡುಗ ಇರಲೇ ಇಲ್ಲ. ಆದ್ದರಿಂದ ಕೇಳಿಕೊಳ್ಳುತ್ತೇನೆ. ಹಾಜರಿ ಪುಸ್ತಕದಲ್ಲಿ ಸಾಲಾಗಿ ಐದು ಕೆಂಪು ಗುರುತು ಬಿದ್ದರೆ ಆ ಮಗುವನ್ನು ಪಕ್ಕಕ್ಕೆ ಕರೆದು ಕೇಳಿ. ಪತ್ರ ಬರೆಯುವ ಮುಂಚೆ ಇನ್ನೊಮ್ಮೆ ಕೇಳಿ. ನೂರು ಜನರ ತರಗತಿಯಲ್ಲಿ ಇದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಮಗು ತನ್ನ ಬಾಯಿಂದ ಹೇಳಿಕೊಂಡರೆ ನೆಪದ ಹಾಗೆ ಕೇಳಬಹುದು, ಮೇಷ್ಟ್ರು ಹೇಳಿದರೆ ಸಾಕ್ಷಿಯಾಗುತ್ತದೆ. ಆದರೆ ಮಗುವಿನ ಒಪ್ಪಿಗೆ ಇಲ್ಲದೆ ಒಂದಕ್ಷರ ಬರೆಯಬೇಡಿ.

ಪೋಷಕರೇ, ನಿಮಗೆ ಮುಜುಗರ ಆಗುತ್ತದೆ, ಗೊತ್ತು. ನಮ್ಮ ಬಡತನ ಯಾರಿಗೋ ಯಾಕೆ ತೋರಿಸಬೇಕು ಅನ್ನಿಸುತ್ತದೆ. ಬೇಡ, ಬಡತನ ತೋರಿಸಬೇಡಿ. ಸಾಲ ಎಷ್ಟು, ಯಾರ ಹತ್ತಿರ, ಭಾಗದಲ್ಲಿ ಅಣ್ಣ ಎಷ್ಟು ಗುಂಟೆ ಹೊಡೆದುಕೊಂಡ, ಅದ್ಯಾವುದೂ ಆ ಪ್ಯಾರಾದಲ್ಲಿ ಇರಬೇಕಿಲ್ಲ. "ಮನೆಯಲ್ಲಿ ಹಣದ ತೊಂದರೆ ಬಂದು ಹಾಸ್ಟೆಲ್ ಬಿಟ್ಟು ದಿನಾ 40 ಕಿಲೋಮೀಟರ್ ಓಡಾಡಬೇಕಾಯಿತು" ಅಂದರೆ ಓದುವವರಿಗೆ ಬೇಕಾದ್ದು ಸಿಕ್ಕಿತು. ಗುಟ್ಟು ನಿಮ್ಮ ಹತ್ತಿರವೇ ಉಳಿಯಿತು.

ಮತ್ತೆ, ಇಲ್ಲದ ಕಷ್ಟ ಬರೆಯಬೇಡಿ. ಕ್ರಿಕೆಟ್ ಆಡಿ ಅಂಕ ಹೋಗಿದ್ದರೆ ಅಜ್ಜಿಯ ಸಾವನ್ನು ಅದಕ್ಕೆ ಕಾರಣ ಮಾಡಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ಅಪ್ಪನನ್ನು ಹೊರಳಿಸಿ ಮಲಗಿಸಿದ ಮಗುವಿನ ಮಾತನ್ನು ಮುಂದೆ ಯಾರೂ ನಂಬದ ಹಾಗೆ ಮಾಡುತ್ತೀರಿ.

ಆ ಹುಡುಗಿ ಏನಾದಳು ಅಂತ ಕೇಳುತ್ತೀರಿ. ಮೂರು ಕಡೆ ಅರ್ಜಿ ಹಾಕಿದಳು. ಎರಡು ಕಡೆ ಆಗಲಿಲ್ಲ, ಒಂದು ಕಡೆ ಬಿಎಸ್ಸಿಗೆ ಸೀಟು, ಜೊತೆಗೆ ಶುಲ್ಕ ವಿನಾಯಿತಿ ಸಿಕ್ಕಿತು. ಪ್ಯಾರಾದಿಂದಲೇ ಸಿಕ್ಕಿತು ಅಂತ ನಾನು ಹೇಳಲಾರೆ, ಪ್ರವೇಶ ಪರೀಕ್ಷೆಯನ್ನೂ ಚೆನ್ನಾಗಿ ಬರೆದಿದ್ದಳು. ಸಂದರ್ಶನದಲ್ಲಿ ಅಪ್ಪನ ಆರೋಗ್ಯ ಹೇಗಿದೆ ಅಂತ ಕೇಳಿದರಂತೆ, ಆಮೇಲೆ ಅರ್ಧ ಗಂಟೆ ಗಣಿತದ ಬಗ್ಗೆಯೇ ಮಾತಾಡಿದರಂತೆ. ಹೊರಗೆ ಬಂದು ನನಗೆ ಫೋನ್ ಮಾಡಿದಾಗ ಅವಳು ಹೇಳಿದ್ದೆಲ್ಲ ಆ ಗಣಿತದ ಪ್ರಶ್ನೆಗಳನ್ನೇ.

ಮಾತು ಮುಗಿದ ಮೇಲೆ ಹೆಸರು ಬರೆಯದ ಚೀಟಿಗಳಲ್ಲಿ ಪ್ರಶ್ನೆ ತರಿಸಿದ್ದೆವು. ಹೆಚ್ಚಿನವು ಕೊನೇ ದಿನಾಂಕ, ಶುಲ್ಕ, ಪರೀಕ್ಷೆ-2ರ ಬಗ್ಗೆ. ಒಂದು ಚೀಟಿ ನೋಟ್‌ಬುಕ್ಕಿನ ಮೂಲೆ ಹರಿದದ್ದು, ನಾಲ್ಕು ಮಡಿಕೆ ಮಡಚಿತ್ತು. "ಅಪ್ಪ ಕುಡೀತಾರೆ. ರಾತ್ರಿ ಓದಕ್ಕಾಗಲ್ಲ. ಅದನ್ನ ಬರೀಬಹುದಾ? ಅಪ್ಲಿಕೇಶನ್ನಿಗೆ ಸೈನ್ ಹಾಕುವಾಗ ಅಪ್ಪ ಓದ್ತಾರೆ."

ಉತ್ತರ ಹೀಗೆ ಹೇಳಿದೆ. ಕುಡಿತ ಅನ್ನುವ ಪದ ಬರೆಯಬೇಕಿಲ್ಲ. "ಈ ಎರಡು ವರ್ಷ ಮನೆಯಲ್ಲಿ ರಾತ್ರಿ ಓದುವ ಅನುಕೂಲ ಇರಲಿಲ್ಲ. ಬೆಳಿಗ್ಗೆ ಬೇಗ ಕಾಲೇಜಿಗೆ ಬಂದು ಓದಿಕೊಳ್ಳುತ್ತೇನೆ" ಅಂತ ಬರೆಯಿರಿ, ಅದನ್ನು ಅಪ್ಪ ಓದಿದರೂ ಪರವಾಗಿಲ್ಲ. ಉಳಿದದ್ದನ್ನು ನೀವು ಬಯಸಿದರೆ ನಿಮ್ಮ ಮೇಷ್ಟ್ರು ತಮ್ಮ ಪತ್ರದಲ್ಲಿ ಹೇಳಬಹುದು. ಆನ್‌ಲೈನ್‌ನಲ್ಲಿ ಕಳಿಸುವ ಕಡೆ ಆ ಪತ್ರ ನೇರ ಕಾಲೇಜಿಗೆ ಹೋಗುತ್ತದೆ, ಉಳಿದ ಕಡೆ ನಾನು ಲಕೋಟೆ ಅಂಟಿಸಿ ಕೊಡುತ್ತೇನೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅರ್ಜಿಯ ವಿಷಯ ಆಮೇಲೆ, ಮೊದಲು ನನಗೆ ಹೇಳಿ. ಹೇಳಲು ಆಗದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ.

ಆ ಚೀಟಿಯನ್ನು ಯಾರಿಗೂ ತೋರಿಸಿಲ್ಲ, ಅಕ್ಷರ ಯಾರದು ಅಂತ ನಾನೂ ಹುಡುಕುವುದಿಲ್ಲ. ಸೋಮವಾರದಿಂದ ಮಧ್ಯಾಹ್ನ ಮೂರೂವರೆ ಮೇಲೆ ಸ್ಟಾಫ್ ರೂಮಿನಲ್ಲಿ ಇರುತ್ತೇನೆ. ಬರುವವರು ಅಂಕಪಟ್ಟಿಗಳನ್ನು ತನ್ನಿ, ಬರೆದದ್ದು ಇದ್ದರೆ ಅದನ್ನೂ ತನ್ನಿ. ಐದರ ಬಸ್ಸಿಗೆ ಹೋಗಬೇಕಾದವರು ಮೊದಲು ಬನ್ನಿ.